ಕುದುರೆ, ರೈಲು, ವಿಮಾನ: ಹಂಪಿ ಎಷ್ಟು ದೂರ?

ಬೆಂಗಳೂರಿನಿಂದ ಹಂಪಿ ಎಷ್ಟು ದೂರ? ರಸ್ತೆಯಲ್ಲಿ ಸುಮಾರು 340 ಕಿ.ಮೀ. ಎಂಬುದು ಒಂದು ಉತ್ತರ. ‘ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ’ ಎಂಬುದು ಇನ್ನೊಂದು. ದೂರವನ್ನು ಹೊತ್ತಿನ ಲೆಕ್ಕದಲ್ಲಿ ಹೇಳುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ ಆ ಹೊತ್ತನ್ನು ಕಡಿಮೆ ಮಾಡಿದವರು ಯಾರು, ಯಾವ ಕಾರಣಕ್ಕೆ ಎಂಬುದೂ ಚರಿತ್ರೆಯೇ.

ತೈಮೂರನ ಮಗ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್ 1442ರ ಜನವರಿಯಲ್ಲಿ ಹೆರಾತ್ ಬಿಟ್ಟ. ಹಾರ್ಮುಜ್‌ನಿಂದ ಹಡಗು ಹತ್ತಿ, ಆ ವರ್ಷದ ಕೊನೆಗೆ ಕಲ್ಲಿಕೋಟೆ ತಲುಪಿದ. ಎರಡನೆಯ ದೇವರಾಯನ ಕರೆ ಬಂದ ಮೇಲೆ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರ ಸೇರುವಾಗ 1443ರ ಏಪ್ರಿಲ್ ಮುಗಿಯುತ್ತಿತ್ತು. ಕರಾವಳಿಯಿಂದ ರಾಜಧಾನಿಗೆ ಬರುವ ಇಂಥ ದಾರಿಗಳಿಗೆ ಜೀವ ತುಂಬಿದ್ದು ವ್ಯಾಪಾರ. ಅರಬ್ ಮತ್ತು ಪರ್ಷಿಯಾ ದೇಶಗಳ ಕುದುರೆಗಳು ಭಟ್ಕಳ, ಗೋವೆಗಳಲ್ಲಿ ಇಳಿದು ರಾಯರ ಲಾಯಕ್ಕೆ ಬರುತ್ತಿದ್ದವು.

ರೈಲು ಬಂದದ್ದು ಬರದ ಬೆನ್ನಿಗೆ. 1876–78ರ ಘೋರ ಕ್ಷಾಮ ಬಳ್ಳಾರಿ ಸೀಮೆಯನ್ನು ಹಿಂಡಿತು. ಧಾನ್ಯ ಸಾಗಿಸಲು ದಾರಿಯಿಲ್ಲದ ಕಡೆ ರೈಲು ಬೇಕೆಂದು ಸರ್ಕಾರಕ್ಕೆ ಆಗ ಮನವರಿಕೆಯಾಯಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಹೊಸಪೇಟೆ ಮುಟ್ಟಿತು.

ವಿಮಾನವನ್ನು ತಂದದ್ದು ಸಂಡೂರಿನ ಅದಿರು. ಅದನ್ನು ನಂಬಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಎದ್ದಿತು; ಅದರ ಪಕ್ಕದ ವಿದ್ಯಾನಗರದಲ್ಲಿ ವಿಮಾನ ನಿಲ್ದಾಣ. ‘ಉಡಾನ್’ ಯೋಜನೆಯಡಿ 2017ರಲ್ಲಿ ಇಲ್ಲಿಂದ ನಿಗದಿತ ಹಾರಾಟ ಶುರುವಾಯಿತು. ಬೆಂಗಳೂರಿಗೆ ಆಕಾಶಮಾರ್ಗ ಸುಮಾರು 250 ಕಿ.ಮೀ. ಗಂಟೆಗೆ 500 ಕಿ.ಮೀ. ಓಡುವ ಎಟಿಆರ್ ವಿಮಾನಕ್ಕೆ ಅರ್ಧ ಗಂಟೆ ಸಾಕು ಎನಿಸಬಹುದು. ಆದರೆ ಏರುವಾಗ, ಇಳಿಯುವಾಗ ಅಷ್ಟು ವೇಗವಿರದು. ರನ್‌ವೇ ಮೇಲಿನ ಹೊತ್ತೂ ಸೇರಿ ಲೆಕ್ಕ ಒಂದು ಗಂಟೆಯ ಆಸುಪಾಸಿಗೆ ಬರುತ್ತದೆ. ಇಳಿದ ಮೇಲೆ ಹಂಪಿಗೆ ಮತ್ತೆ ಸುಮಾರು 40 ಕಿ.ಮೀ. ರಸ್ತೆ.

ಕುದುರೆಗೆ, ಧಾನ್ಯಕ್ಕೆ, ಅದಿರಿಗೆ ದಾರಿ ಸಿಕ್ಕಿತು. ಹೊಳೆ ದಾಟುವವರಿಗೆ? ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್, ಆನೆಗೊಂದಿಗೆ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ದಾಟುವುದನ್ನು ವರ್ಣಿಸಿದ್ದಾನೆ. ಅದೇ ನಮ್ಮ ಹರಿಗೋಲು. ಆನೆಗೊಂದಿ–ತಳವಾರಘಟ್ಟ ಸೇತುವೆಯ ಕಾಮಗಾರಿ ಹಂಪಿಯ ಪರಂಪರೆಗೆ ಧಕ್ಕೆ ಎಂಬ ವಿವಾದದಲ್ಲಿ ವರ್ಷಗಟ್ಟಲೆ ನಿಂತಿತ್ತು. ಮತ್ತೆ ಆರಂಭವಾದಾಗ, 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಮುಂದೆ ಬುಕ್ಕಸಾಗರ–ಕಡೇಬಾಗಿಲು ನಡುವೆ ಸೇತುವೆ ಆಯಿತು. ಕೆಳಗಡೆ ಕಂಪ್ಲಿಯಲ್ಲಿ, ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಸೇತುವೆ ಮುಳುಗಿ ಗಂಗಾವತಿಯ ಸಂಚಾರ ನಿಂತದ್ದು ಎಷ್ಟೋ ಸಲ.

ರಾಜಧಾನಿ ಬೆಂಗಳೂರು ಒಂದು ಗಂಟೆಯ ಹಾದಿ ಎನಿಸಿಕೊಂಡಿತು. ಹೊಳೆ ತುಂಬಿದ ದಿನ ಎದುರು ದಡ ಎಷ್ಟು ದೂರವೆಂಬುದನ್ನು ಮಾತ್ರ ಕಂಪ್ಲಿಯವರನ್ನೇ ಕೇಳಬೇಕು.