ಕೋಲುಮಂಡೆಯ ದುಡ್ಡು ಯಾರಿಗೆ?

ಮಳವಳ್ಳಿ ತಾಲ್ಲೂಕಿನ ಬ್ಲಫ್ ಗೊತ್ತಲ್ಲ, ಶಿವನಸಮುದ್ರದ ಕರೆಂಟು ಹುಟ್ಟಿದ ಜಾಗ. 1902ರಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ಇಷ್ಟನ್ನು ಪಠ್ಯಪುಸ್ತಕವೇ ಹೇಳುತ್ತೆ. ಅದೇ ಸೀಮೆಯಿಂದ ಹೊರಗೆ ಹೋದ ಇನ್ನೊಂದು ಸರಕಿದೆ ವೀಕ್ಷಕರೇ. ಅದು ಹಾಡು.

ಬ್ಲಫ್ ಸುತ್ತಮುತ್ತ ಇಬ್ಬರು ದೈವಗಳ ಪದ ಕೇಳುತ್ತೆ. ಒಬ್ಬರು ಮಂಟೇಸ್ವಾಮಿ. ಅವರ ಗದ್ದುಗೆ ಇರೋದು ಇದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ನೀಲಗಾರರು ತಂಬೂರಿ ಮೀಟುತ್ತಾ ಅವರ ಕಥೆ ಹಾಡ್ತಾರೆ. ಇನ್ನೊಬ್ಬ, ಹೊಳೆ ದಾಟಿ ಕೊಳ್ಳೇಗಾಲದ ಆಚೆ, ಏಳುಮಲೆಯ ಮಾದಪ್ಪ. ಅವನ ಪದ ದೇವರಗುಡ್ಡರದ್ದು, ಕೈಯಲ್ಲಿ ಕಂಸಾಳೆ. ಗುರುವಿನಿಂದ ದೀಕ್ಷೆ ಪಡೆದವರು ಇವರು. ಕಥೆ ಶುರುವಾದರೆ ರಾತ್ರಿ ಪೂರ್ತಿ.

ಆ ರಾತ್ರಿಯನ್ನ ಒಂದು ಗಂಟೆಗೆ ಇಳಿಸಿದ್ದು ಕ್ಯಾಸೆಟ್. ಈ ಕಡೆ ಅರ್ಧ ಗಂಟೆ, ಆ ಕಡೆ ಅರ್ಧ ಗಂಟೆ. ಊರನ್ನೇ ಹೆಸರಿನ ಮುಂದೆ ಇಟ್ಟುಕೊಂಡ ಮಳವಳ್ಳಿ ಮಹದೇವಸ್ವಾಮಿ ಮಂಟೇಸ್ವಾಮಿಯನ್ನೂ ಮಾದಪ್ಪನನ್ನೂ ಹಾಡಿ ಹಳೇ ಮೈಸೂರಿನ ಮನೆಮಾತಾದರು. ಕಥೆ ತುಂಡಾಯ್ತು ಅಂತ ಮೂಗು ಮುರಿಯೋ ಪಂಡಿತರಿಗೆ ನಾನು ಹೇಳೋದು ಇಷ್ಟೇ: ಕ್ಯಾಸೆಟ್ ಮೇಲೆ ಕನಿಷ್ಠ ಹಾಡಿದವರ ಹೆಸರು, ಫೋಟೋ ಇತ್ತು ಕಣ್ರೀ!

ಮುಂದಿನ ಜಿಗಿತ ಸಿನಿಮಾಗೆ. 1996ರಲ್ಲಿ ಟಿ.ಎಸ್. ನಾಗಾಭರಣ ಅವರ 'ಜನುಮದ ಜೋಡಿ' ಬಂತು. ಸಂಗೀತ ವಿ. ಮನೋಹರ್. ಮನೆ ಬಾಗಿಲಿಗೆ ಭಿಕ್ಷೆಗೆ ಬರುವ ಮಾದಪ್ಪನ ಪದ 'ಕೋಲುಮಂಡೆ ಜಂಗಮದೇವ' ಶಿವರಾಜ್‌ಕುಮಾರ್ ಚಿತ್ರದ ಹಿಟ್ ಹಾಡಾಯ್ತು. ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಶಾಸ್ತ್ರಿಗಳ ಕಂಠಕ್ಕೆ ಅದು ಸಲ್ಲಬೇಕಾದ್ದೇ. ಮಾದಪ್ಪನ ಬೆಟ್ಟ ನೋಡದವರ ಬಾಯಲ್ಲೂ ಆ ಪದ ಕುಣೀತು.

2020ರ ಗಣೇಶನ ಹಬ್ಬದ ಹೊತ್ತಿಗೆ ಚಂದನ್ ಶೆಟ್ಟಿ ಅದನ್ನೇ ರ‍್ಯಾಪ್ ಮಾಡಿದರು. ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೋ ಇಳೀತು. ಆ ಸಿಟ್ಟು ನನಗೆ ಅರ್ಥವಾಗುತ್ತೆ. ಗಂಡನ ಅನುಮಾನ, ಹಿಂಸೆ ಎರಡನ್ನೂ ಉಂಡ ಹೆಣ್ಣುಮಗಳು ಸಂಕಮ್ಮ. ಅವಳ ನೋವಿಗೆ ಮಾದಪ್ಪ ಓಗೊಟ್ಟ ಅನ್ನೋದೇ ಆ ಕಥೆಯ ಜೀವ. ಅವಳನ್ನ ಡಾನ್ಸ್ ಫ್ಲೋರಿಗೆ ತಂದರೆ ನೋಯದೇ ಇರುತ್ತಾ?

ಆದರೆ ನನ್ನ ಪ್ರಶ್ನೆ ಬೇರೆ. ಈ ಪದವನ್ನ ತಲೆಮಾರುಗಟ್ಟಲೆ ಬಾಯಲ್ಲಿ ಉಳಿಸಿದ ಗುಡ್ಡರಿಗೆ ಸಿಕ್ಕಿದ್ದೇನು? ಕೃತಿಸ್ವಾಮ್ಯ ಕಾನೂನಿಗೆ 2012ರಲ್ಲಿ ತಿದ್ದುಪಡಿ ಆಯ್ತು. ಹಾಡು ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಲ್ಟಿ ಪಾಲು ಅಂತಾಯ್ತು. ಇಲ್ಲಿ ಬರೆದವರು ಯಾರು? 'ಜನಪದ'. ಆ ಹೆಸರಿಗೆ ಬ್ಯಾಂಕ್ ಖಾತೆ ಇಲ್ಲ!

ಹಾಡು ನಿಲ್ಲಿಸಿ ಅಂತ ನಾನು ಹೇಳಲ್ಲ. ರ‍್ಯಾಪೂ ಬರಲಿ, ಸಿನಿಮಾನೂ ಬರಲಿ. ಗಳಿಕೆಯ ಒಂದು ಪಾಲು ನೀಲಗಾರರ, ದೇವರಗುಡ್ಡರ ಹೆಸರಿನ ನಿಧಿಗೆ ಹೋಗಲಿ. ಕರ್ನಾಟಕ ಜಾನಪದ ಅಕಾಡೆಮಿ ಇದೆ, ಅದರ ಕೈಗೆ ಕೊಡಿ. ಲೆಕ್ಕ ಇಡೋದು ಕಷ್ಟ ಅಂತೀರಾ? ಯೂಟ್ಯೂಬಿನಲ್ಲಿ ಒಂದೊಂದು ವ್ಯೂ ಕೂಡ ಎಣಿಸ್ತಾರಲ್ರೀ.