ಕೆರೆಯ ಏರಿ ಮತ್ತು ಕಟ್ಟುಕೊಡಗೆ

ಮದ್ದೂರು ತಾಲ್ಲೂಕಿನ ಆತಕೂರು ಶಾಸನವನ್ನು ಕಾಳಿಯೆಂಬ ನಾಯಿಯ ಶೌರ್ಯಕ್ಕಾಗಿ ಎಲ್ಲರೂ ಸ್ಮರಿಸುತ್ತಾರೆ. ಹಿರಿಯ ಕೆರೆಯ ಕೆಳಗೆ ದೇವರಿಗೆ ಭೂಮಿ ಬಿಟ್ಟ ಸಂಗತಿಯೂ ಅದರಲ್ಲಿದೆಯೆಂಬುದನ್ನು ಗಮನಿಸುವವರು ವಿರಳ. ಕ್ರಿ. ಶ. 950ರ ವೇಳೆಗೇ ಈ ಸೀಮೆಯ ಬದುಕು ಮಣ್ಣಿನ ಏರಿಯನ್ನು ನೆಚ್ಚಿತ್ತು.

ಮಂಡ್ಯ, ಮಳವಳ್ಳಿಗಳೂ ಸೇರಿದ ಹಳೆಯ ಮೈಸೂರಿನಲ್ಲಿ ಕೆರೆ ಕಟ್ಟಿಸುವುದು ಅರಸರ ಕಾರ್ಯ ಮಾತ್ರವಾಗಿರಲಿಲ್ಲ. ತನ್ನ ಹಣದಿಂದ ಕೆರೆ ಕಟ್ಟಿಸಿದವನಿಗೆ, ಒಡೆದುದನ್ನು ದುರಸ್ತಿ ಮಾಡಿಸಿದವನಿಗೆ ಕಟ್ಟುಕೊಡಗೆಯಾಗಿ ಭೂಮಿ ಸಲ್ಲುತ್ತಿತ್ತು. ಏರಿ ಒಡೆದರೆ ಹಾಳಾಗುವುದು ಅವನ ಗದ್ದೆಯೂ ಹೌದು! ಕಾವಲಿಗೆ ಇದಕ್ಕಿಂತ ಬಲವಾದ ಏರ್ಪಾಡು ಬೇಕೆ? ಇನಾಂ ರದ್ದತಿಯ ಕಾಯಿದೆಗಳಿಂದ ಉಳುವವನಿಗೆ ನ್ಯಾಯ ದೊರೆತುದು ಸರಿಯೇ. ಏರಿಯ ಹೊಣೆ ಮಾತ್ರ ಸಡಿಲವಾಯಿತು.

2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನವಾದರೆ 500 ಮೀಟರ್ ಉದ್ದ, ಹತ್ತು ಲಕ್ಷ ಘನಮೀಟರ್ ನೀರು ಮುಂತಾದ ಲಕ್ಷಣಗಳಲ್ಲಿ ಒಂದಾದರೂ ಇರಬೇಕು. ಹೀಗೆ ಪಟ್ಟಿಗೆ ಸೇರಿದವುಗಳಿಗೆ ಅಪಾಯದ ವರ್ಗವನ್ನು ಗೊತ್ತುಪಡಿಸುತ್ತಾರೆ. ಎಂಟು ಮೀಟರಿನ ಖಾಸಗಿ ಕಟ್ಟೆಗೆ ಆ ವರ್ಗವೂ ಇಲ್ಲ. ಅದರ ಕೋಡಿ ಹೂತು, ಮಳೆಗಾಲದ ನೀರು ಏರಿಯ ನೆತ್ತಿಯ ಮೇಲೆ ಹರಿದರೆ ಮಣ್ಣು ನಿಲ್ಲದು. ಎತ್ತರವನ್ನು ಅಳೆದ ಕಾನೂನು ಏರಿಯ ಕೆಳಗಿನ ಮನೆಗಳನ್ನೂ ಎಣಿಸಬೇಕಿತ್ತು.