ಬಿತ್ತನೆಯ ಆಲೂಗೆಡ್ಡೆಯ ಗಾತ್ರವೂ ಶೀತಗೃಹದ ಆಯುಷ್ಯವೂ

ಸುಶ್ರುತಸಂಹಿತೆಯ ಕಂದವರ್ಗದಲ್ಲಿ ಪಿಂಡಾಲುಕ, ರಕ್ತಾಲುಕ ಮುಂತಾದ ಹೆಸರುಗಳು ದೊರೆಯುವುವಾದರೂ, ಇಂದಿನ ಆಲೂಗೆಡ್ಡೆಯು ಅವುಗಳಲ್ಲಿ ಯಾವುದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತದಲ್ಲಿ ಹುಟ್ಟಿದ ಈ ಕಂದವು ಐರೋಪ್ಯರ ಮೂಲಕ ಭರತಖಂಡಕ್ಕೆ ಬಂದು, ಉತ್ತರದಲ್ಲಿ ಹಳೆಯ ಆಲುಕದ ಹೆಸರನ್ನೂ, ಪಶ್ಚಿಮ ತೀರದಲ್ಲಿ ಪೋರ್ತುಗೀಸರ ಮಾತಿನಿಂದ ಬಂದ ಬಟಾಟೆಯೆಂಬ ಹೆಸರನ್ನೂ ಪಡೆಯಿತು. ಹೆಸರು ಸುಲಭವಾಗಿ ನೆಲೆಗೊಂಡಿತು. ಬೀಜವು ಹಾಗೆ ನೆಲೆಗೊಳ್ಳಲಿಲ್ಲ.

ಧಾನ್ಯದ ಬೀಜವು ಒಣಗಿದರೆ ಉಳಿಯುವುದು; ಆಲೂಗೆಡ್ಡೆಯು ಒಣಗಿದರೆ ಅಳಿಯುವುದು. ಉತ್ತರದ ಬಯಲುಸೀಮೆಯಲ್ಲಿ ಮಾಘ ಫಾಲ್ಗುಣಗಳಲ್ಲಿ ಅಗೆದ ಗೆಡ್ಡೆಯನ್ನು ಆಶ್ವಯುಜದ ಬಿತ್ತನೆಯವರೆಗೆ ಬೇಸಗೆಯ ಬಿಸಿಯಲ್ಲಿಯೇ ಕಾಪಾಡಬೇಕಾಗಿದ್ದಿತು. ಬಹುಕಾಲ ಮೊಳೆಯದಿರುವ ಫುಲ್ವಾದಂತಹ ತಳಿಗಳು ಇದನ್ನು ತಾಳಿದುವು. ದೊಡ್ಡ ಗೆಡ್ಡೆಗಳನ್ನು ಮಾರಿ ಸಣ್ಣವನ್ನು ಬೀಜಕ್ಕೆ ಉಳಿಸುವುದು ಅನೇಕ ದೇಶಗಳ ರೈತರ ರೂಢಿ. ಆದರೆ ನಂಜುರೋಗ ತಗುಲಿದ ಗಿಡವೂ ಸಣ್ಣ ಗೆಡ್ಡೆಗಳನ್ನೇ ಬಿಡುವುದರಿಂದ, ಸಣ್ಣದನ್ನು ಆರಿಸಿದವನು ತಿಳಿಯದೆ ರೋಗವನ್ನೇ ಆರಿಸುತ್ತಿದ್ದನು. ವರ್ಷವರ್ಷಕ್ಕೂ ಬೆಳೆಯು ಕ್ಷೀಣಿಸಲು, ಬೆಟ್ಟದ ಸೀಮೆಗಳಿಂದ ಹೊಸ ಬೀಜವನ್ನು ತರಿಸುವ ಪದ್ಧತಿಯು ಬೆಳೆಯಿತು.

ಶೀತಗೃಹವು ಬಿಸಿಲಿನ ಭಯವನ್ನು ನೀಗಿತು. 2ರಿಂದ 4 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ, ತೇವವುಳ್ಳ ಗಾಳಿಯಲ್ಲಿ, ಗೆಡ್ಡೆಯು ತಿಂಗಳುಗಟ್ಟಲೆ ಮೊಳೆಯದೆ ಇರುವುದು. ಆದರೂ ಅಲ್ಲಿ ಎಲ್ಲ ಗಾತ್ರಗಳೂ ಸಮವಲ್ಲ. ವ್ಯಾಸವು ಇಮ್ಮಡಿಯಾದರೆ ತೂಕವು ಎಂಟುಮಡಿ, ಸಿಪ್ಪೆಯ ಹರವು ನಾಲ್ಕುಮಡಿ ಆಗುವುದು. ಆದುದರಿಂದ ಸಮತೂಕದಲ್ಲಿ ಸಣ್ಣ ಗೆಡ್ಡೆಗಳಿಗೆ ಸಿಪ್ಪೆ ಹೆಚ್ಚು. ನೀರಿನ ನಷ್ಟವೂ ಹೆಚ್ಚು. ಇದಕ್ಕೆ ಪ್ರತಿಯಾಗಿ ಅವುಗಳ ಸುಪ್ತಿಯು ಸಾಮಾನ್ಯವಾಗಿ ದೀರ್ಘವಾದುದು. ದೊಡ್ಡವು ಬೇಗ ಮೊಳೆಯುವುವು, ಹೆಚ್ಚು ಕುಡಿಗಳನ್ನು ಬಿಡುವುವು.

1949ರಲ್ಲಿ ಪಾಟ್ನಾದಲ್ಲಿ ಕೇಂದ್ರ ಆಲೂಗೆಡ್ಡೆ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು. 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಅಲ್ಲಿಯ ವಿದ್ವಾಂಸರಾದ ಪುಷ್ಕರನಾಥರು ರೂಪಿಸಿದ ಬೀಜಕ್ಷೇತ್ರವಿಧಾನದಿಂದ ಬಯಲುಸೀಮೆಯಲ್ಲಿಯೇ ಆರೋಗ್ಯವುಳ್ಳ ಬೀಜವನ್ನು ಬೆಳೆಯುವುದು ಸಾಧ್ಯವಾಯಿತು. ನಂಜನ್ನು ಹರಡುವ ಸಸ್ಯಹೇನುಗಳು 100 ಎಲೆಗಳಿಗೆ 20ನ್ನು ಮುಟ್ಟುವ ಮೊದಲೇ ಗಿಡದ ಮೇಲ್ಭಾಗವನ್ನು ಕತ್ತರಿಸಿ, ಸಿಪ್ಪೆಯು ಗಟ್ಟಿಯಾಗುವವರೆಗೆ ಗೆಡ್ಡೆಯನ್ನು ನೆಲದಲ್ಲಿಯೇ ಬಿಡುವುದು ಇದರ ಮರ್ಮ. ಹೀಗೆ ಕತ್ತರಿಸಿದಾಗ ಗೆಡ್ಡೆಯ ಬೆಳವಣಿಗೆಯು ನಿಲ್ಲುವುದು. ಹಿಂದೆ ರೋಗದ ಗುರುತೂ ಆಗಿದ್ದ ಸಣ್ಣ ಗಾತ್ರವು ಈಗ ಆರೋಗ್ಯರಕ್ಷಣೆಯ ಫಲವೂ ಆಯಿತು.

ಈ ಭೇದವು ಕನ್ನಡನಾಡಿಗೂ ಸಂಬಂಧಿಸಿದುದು. ಹಾಸನದ ಸೀಮೆಯ ಮುಂಗಾರು ಬಿತ್ತನೆಗೆ ಪಂಜಾಬಿನ ಜಾಲಂಧರ ಪ್ರಾಂತದ ಶೀತಗೃಹಗಳಿಂದ ಬೀಜವು ಬರುವುದು. 50 ಕಿಲೋಗ್ರಾಮಿನ ಚೀಲದಲ್ಲಿ 40 ಗ್ರಾಮಿನ ಗೆಡ್ಡೆಗಳು 1250, 80 ಗ್ರಾಮಿನವು 625. ತೂಕಕ್ಕೆ ಹಣ ತೆರುವವನಿಗೆ ಸಣ್ಣದೇ ಲಾಭವೆಂದು ತೋರುವುದು ಸಹಜ. ದೊಡ್ಡದನ್ನು ಕೊಂಡವನು ಹೋಳುಮಾಡಿ ನೆಡುವನು. ಆಗ ಕತ್ತಿಯೇ ರೋಗವನ್ನು ಗೆಡ್ಡೆಯಿಂದ ಗೆಡ್ಡೆಗೆ ಒಯ್ಯಬಹುದು. ಸಣ್ಣ ಗೆಡ್ಡೆಯನ್ನು ಇಡಿಯಾಗಿ ನೆಡಬಹುದು. ಆದರೆ ಅದು ಯಾವ ಕಾರಣದಿಂದ ಸಣ್ಣದಾಯಿತೆಂಬುದನ್ನು ಚೀಲವು ಹೇಳಲಾರದು.

ಶೀತಗೃಹವು ಗುಣವನ್ನು ಕಾಯಬಲ್ಲುದೇ ಹೊರತು ಹುಟ್ಟಿಸಲಾರದು. ರೋಗವನ್ನು ಒಳಗಿಟ್ಟರೆ ರೋಗವನ್ನೇ ಕಾದು ಹಿಂತಿರುಗಿಸುವುದು. ಆದುದರಿಂದ ಬೀಜಪರೀಕ್ಷೆಯಲ್ಲಿ ಗಾತ್ರಕ್ಕಿಂತ ಮೊದಲು ಪೂರ್ವವೃತ್ತಾಂತವನ್ನು ವಿಚಾರಿಸತಕ್ಕದ್ದು.